ಗುಬ್ಬಿಯ ಸಾಲು

ಅನುದಾನ ಹನ್ನೆರಡು ಮಕ್ಕಳಿಗೆ. ಊಟಕ್ಕೆ ಕೂತವರು ಹನ್ನೊಂದು.

ವಿಶ್ಲೇಷಕಿ ಬಾಗಿಲಲ್ಲೇ ನಿಂತು ಮತ್ತೊಮ್ಮೆ ಎಣಿಸಿದಳು. ಸರ್ಕಾರದ ಮಕ್ಕಳ ಇಲಾಖೆಯಲ್ಲಿ ಅನುದಾನದ ಲೆಕ್ಕ ಪರಿಶೀಲಿಸುವುದು ಅವಳ ಕೆಲಸ. ಉಳಿದವರು ಬಿಲ್ಲು ನೋಡಿ ಸಹಿ ಹಾಕುತ್ತಿದ್ದರು. ಇವಳು ಬಿಲ್ಲಿನಲ್ಲಿರುವ ವಸ್ತುವನ್ನು ಕೈಯಲ್ಲಿ ಹಿಡಿದು ನೋಡುವವಳು. ಅದಕ್ಕೇ ಮುಂಚಿತವಾಗಿ ತಿಳಿಸದೆ ಈ ಅನಾಥ ಮಕ್ಕಳ ಮನೆಗೆ ಬಂದಿದ್ದಳು.

“ಇನ್ನೊಂದು ಮಗು?”

“ಗುಬ್ಬಿನಾ?” ಮನೆಯ ಮೇಲ್ವಿಚಾರಕಿ ಸಾರಿನ ಸೌಟು ಇಳಿಸದೆ ಕೇಳಿದರು. ಮಕ್ಕಳು ಅವರನ್ನು ದೊಡ್ಡಮ್ಮ ಅನ್ನುತ್ತಿದ್ದರು. “ಜ್ವರ ಮೇಡಂ. ನಿನ್ನೆ ಆಸ್ಪತ್ರೆಗೆ ಸೇರಿಸಿದ್ವಿ.”

ಮಕ್ಕಳೆಲ್ಲ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದರು. ಕೊನೆಯಲ್ಲಿ ಕೂತ ಅಕ್ಕ ತಂಗಿಯರು ಮಾತ್ರ ಒಂದೇ ತಟ್ಟೆಯಲ್ಲಿ.

ವಿಶ್ಲೇಷಕಿ ಹೊರಗೆ ಬಂದು ಆಸ್ಪತ್ರೆಗೆ ಫೋನು ಮಾಡಿದಳು. ಅಂಥ ಮಗು ಅಲ್ಲಿರಲಿಲ್ಲ. ಆಮೇಲೆ ಉಪನಿರ್ದೇಶಕರಿಗೆ ಮಾಡಿದಳು.

“ಇಲ್ಲದ ಮಗುವಿನ ಹೆಸರಲ್ಲಿ ದುಡ್ಡು ಎತ್ತಿದ್ದಾರೆ,” ಅಂದರು ಅವರು. “ಅಲ್ಲಿನ ಗುಮಾಸ್ತನೇ ಇರಬೇಕು. ಹೊಸ ಬೈಕ್ ತಗೊಂಡಿದ್ದಾನಂತೆ.”

“ದುಡ್ಡು ಆಮೇಲೆ ಸರ್. ಮಗು ಎಲ್ಲಿ?”

“ನಿಯಮ ಗೊತ್ತಲ್ಲ? ಹನ್ನೆರಡಕ್ಕಿಂತ ಕಡಿಮೆಯಾದ್ರೆ ಆ ಮನೆ ಮುಚ್ಚಬೇಕು. ದೊಡ್ಡವರು ಒಂದು ಕಡೆ, ಚಿಕ್ಕವರು ಇನ್ನೊಂದು ಕಡೆ. ನೋಡಿಕೊಂಡು ವರದಿ ಬರಿ.”

*

“ಬೈಕಾ?” ಗುಮಾಸ್ತ ನಕ್ಕ. “ಮಾವ ಕೊಡಿಸಿದ್ದು ಮೇಡಂ. ದಿನಾ ಊಟಕ್ಕೆ ಕೂತಾಗ ಅದನ್ನ ನೆನಪಿಸ್ತಾರೆ. ಕದ್ದಿದ್ರೆ ಇದಕ್ಕಿಂತ ನೆಮ್ಮದಿಯಾಗಿ ಇರ್ತಿದ್ದೆ.”

“ಗುಬ್ಬೀನ ಕೊನೇ ಸಲ ಯಾವಾಗ ನೋಡಿದೆ?”

ನಗು ಇಳಿಯಿತು. “ನಾನು ವಾರಕ್ಕೊಂದು ಸಲ ಬರೋನು. ಮಕ್ಕಳು ಶಾಲೇಲಿ ಇರ್ತಾರೆ. ಯಾರು ಗುಬ್ಬಿ, ಯಾರು ಗಿಳಿ, ನಂಗೆ ಗೊತ್ತಿಲ್ಲ. ದೊಡ್ಡಮ್ಮ ಏನು ಬೇಕು ಅಂತಾರೋ ಅದನ್ನ ತಂದುಕೊಡ್ತೀನಿ.”

“ಏನೇನು ತಂದೆ, ತೋರಿಸು.”

ಮಲಗುವ ಕೋಣೆಯ ಗೋಡೆಗೆ ಉದ್ದ ಕಪಾಟು. ಮಗುವಿಗೊಂದು ಗೂಡು. ಎಲ್ಲ ಗೂಡಿನಲ್ಲೂ ಹಿಮ್ಮಡಿ ಸವೆದ ಶೂ ಒಂದೊಂದೇ ಜೊತೆ. ಹಳೆಯದು ಬಿಗಿಯಾದರೆ ಅದು ಚಿಕ್ಕ ಮಗುವಿನ ಗೂಡಿಗೆ ದಾಟುವುದು ಆ ಮನೆಯ ರೂಢಿ. ಗುಬ್ಬಿಯ ಗೂಡಿನಲ್ಲಿ ಮಾತ್ರ ಮೂರು ಜೊತೆ. ಮೂರೂ ಹೊಸವು. ವಿಶ್ಲೇಷಕಿ ಒಂದರ ಅಡಿಗೆ ಇನ್ನೊಂದರ ಅಡಿ ಇಟ್ಟು ನೋಡಿದಳು. ಮೂರೂ ಒಂದೇ ಅಳತೆ. ಅಡಿಯಲ್ಲಿ ಒಂದು ಕಣ ಮಣ್ಣಿಲ್ಲ.

“ವರ್ಷಕ್ಕೊಂದು ಜೊತೆ ತಂದಿದ್ದೀನಿ,” ಗುಮಾಸ್ತ ತಲೆ ಕೆರೆದುಕೊಂಡ. “ಅಲ್ಲ, ಈ ಮಗು ಬೆಳೆಯೋದೇ ಇಲ್ವಾ?”

ವಿಶ್ಲೇಷಕಿ ಶೂಗಳನ್ನು ಇದ್ದ ಹಾಗೆಯೇ ಜೋಡಿಸಿಟ್ಟಳು.

*

ಸಂಜೆ ಮಕ್ಕಳು ಜಗುಲಿಯಲ್ಲಿ ಪದ್ಯ ಹೇಳಲು ಕೂತರು. ಒಬ್ಬೊಬ್ಬರಿಗೆ ಒಂದೊಂದು ಸಾಲು. ವಿಶ್ಲೇಷಕಿ ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ಕೇಳಿದಳು. ಸಾಲು ಒಂದು ಬಾಯಿಂದ ಇನ್ನೊಂದು ಬಾಯಿಗೆ, ದೀಪದಿಂದ ದೀಪ ಹಚ್ಚಿದ ಹಾಗೆ ಸಾಗಿತು. ಅಕ್ಕ ಹೇಳಿದಳು. ತಂಗಿ ಹೇಳಿದಳು. ಮುಂದಿನ ಸಾಲು ದೊಡ್ಡಮ್ಮನ ದನಿಯಲ್ಲಿ ಬಂತು. ಅದರಾಚೆಯದು ಮತ್ತೆ ಮಗುವಿನದು.

ಯಾರೂ ತಡವರಿಸಲಿಲ್ಲ. ಯಾರೂ ನಡುವೆ ನಿಲ್ಲಿಸಲಿಲ್ಲ.

ವಿಶ್ಲೇಷಕಿ ಕಣ್ಣು ತೆರೆದಳು.

*

ಅಡುಗೆಮನೆಯಲ್ಲಿ ಇಬ್ಬರೇ. ದೊಡ್ಡಮ್ಮ ಪಾತ್ರೆ ಒರೆಸುತ್ತಿದ್ದರು.

“ಗುಮಾಸ್ತ ಕದ್ದಿಲ್ಲ ದೊಡ್ಡಮ್ಮ. ಕದಿಯೋನು ಬಿಲ್ಲು ತರ್ತಾನೆ, ಶೂ ತರಲ್ಲ. ಇಲ್ಲಿ ಶೂ ನಿಜವಾಗಿ ಬಂದಿವೆ. ಕಾಲು ಮಾತ್ರ ಇಲ್ಲ.”

ಒರೆಸುವ ಕೈ ನಿಂತಿತು.

“ನಿನ್ನೆ ಆಸ್ಪತ್ರೆಗೆ ಹೋದ ಮಗುವಿನ ಸಾಲು ಇವತ್ತು ಖಾಲಿ ಬೀಳಬೇಕಿತ್ತು. ಮಕ್ಕಳು ಎಡವಬೇಕಿತ್ತು. ಎಡವಲಿಲ್ಲ. ನೀವು ಅದನ್ನ ಬಹಳ ದಿನದಿಂದ ಹೇಳ್ತಾ ಇದ್ದೀರಿ.”

ದೊಡ್ಡಮ್ಮ ಮೆಲ್ಲಗೆ ನೆಲದ ಮೇಲೆ ಕೂತರು.

“ಮೂರು ವರ್ಷದ ಹಿಂದೆ ರಜಕ್ಕೆ ಅಂತ ಗುಬ್ಬೀನ ಸೋದರಮಾವ ಕರ್ಕೊಂಡು ಹೋದ. ಅಲ್ಲೇ ಜ್ವರ ಬಂತಂತೆ. ಮಣ್ಣು ಮಾಡಿ ಎಲ್ಲಾ ಮುಗಿಸಿ, ಆಮೇಲೆ ಬಂದು ಹೇಳಿದ. ಅವತ್ತೇ ಬರೆದಿದ್ರೆ ಹನ್ನೊಂದು ಆಗ್ತಿತ್ತು. ಆ ಅಕ್ಕ ತಂಗೀರನ್ನ ನೋಡಿದ್ರಲ್ಲ? ತಟ್ಟೇನೇ ಬೇರೆ ಮಾಡೋಕಾಗಿಲ್ಲ ನಂಗೆ.”

“ಅವಳ ದುಡ್ಡು?”

“ಅವಳದ್ದು ಅವಳಿಗೇ. ಬಟ್ಟೆ, ಪುಸ್ತಕ, ಎಲ್ಲಾ ಪೆಟ್ಟಿಗೇಲಿದೆ. ಊಟದ ದುಡ್ಡು ಡಬ್ಬೀಲಿದೆ, ಮುಟ್ಟಿಲ್ಲ.”

“ಶೂ ಅಳತೆ ಯಾಕೆ ಬದಲಾಯಿಸಲಿಲ್ಲ? ಬದಲಾಯಿಸಿದ್ರೆ ನನಗೆ ಅನುಮಾನ ಬರ್ತಿರಲಿಲ್ಲ.”

“ಇದ್ದಾಳೆ ಅಂತ ಸುಳ್ಳು ಹೇಳೋಕಾಯ್ತು ಮೇಡಂ.” ದೊಡ್ಡಮ್ಮ ಸೆರಗಿನಲ್ಲಿ ಮುಖ ಒತ್ತಿಕೊಂಡರು. “ಬೆಳೆದಿದ್ದಾಳೆ ಅಂತ ಹೇಳೋಕಾಗಲಿಲ್ಲ.”

ನಲ್ಲಿ ತೊಟ್ಟಿಕ್ಕುತ್ತಿತ್ತು. ವಿಶ್ಲೇಷಕಿ ಹೋಗಿ ಬಿಗಿಯಾಗಿ ತಿರುಗಿಸಿದಳು.

“ನೀವು ನೋಡಿಲ್ಲ ಅಂದ್ಕೊಳ್ಳಿ,” ಅಂದರು ದೊಡ್ಡಮ್ಮ. “ಮಳೆಗಾಲದೊಳಗೆ ಇನ್ನೊಂದು ಮಗು ಬರಬಹುದು.”

“ನೋಡಿದ್ದನ್ನ ನೋಡಿಲ್ಲ ಅಂತ ನಾನೇ ಬರೆದರೆ, ಇನ್ಯಾವುದೋ ಮನೇಲಿ ಒಂದು ಮಗು ನಿಜವಾಗಿ ಕಾಣೆಯಾದ ದಿನ ಅದನ್ನ ಹುಡುಕೋರು ಯಾರು ದೊಡ್ಡಮ್ಮ?”

ದೊಡ್ಡಮ್ಮ ಹೌದೆಂಬಂತೆ ತಲೆ ಆಡಿಸಿದರು. ಅವರು ಬೈದಿದ್ದರೆ ವಿಶ್ಲೇಷಕಿಗೆ ಸುಲಭವಾಗುತ್ತಿತ್ತು.

*

ದೊಡ್ಡಮ್ಮನ ಮೇಲೆ ವಿಚಾರಣೆ ಶುರುವಾಯಿತು. ಅಕ್ಕ ತಂಗಿಯರನ್ನು ಒಟ್ಟಿಗೆ ಇಡಿ ಎಂದು ವಿಶ್ಲೇಷಕಿ ಎರಡು ಸಲ ಬರೆದಳು, ಒಂದು ಸಲ ಉಪನಿರ್ದೇಶಕರ ಮೇಜಿನೆದುರು ನಿಂತೇ ಕೇಳಿದಳು. ಜಾಗವಿಲ್ಲ ಎಂದು ಉತ್ತರ ಬಂತು.

ಎರಡು ವ್ಯಾನು ಬಂದವು. ಚಿಕ್ಕವರ ವ್ಯಾನಿನಲ್ಲಿ ತಾನೂ ಹೋಗುತ್ತೇನೆಂದು ವಿಶ್ಲೇಷಕಿ ಹಟ ಹಿಡಿದಿದ್ದಳು. ಅಕ್ಕ ಅವಳನ್ನು ಪಕ್ಕಕ್ಕೆ ಕರೆದಳು.

“ಆಂಟಿ, ತಂಗಿ ಕತ್ತಲೆಗೆ ಹೆದರಲ್ಲ. ನನ್ನ ಹತ್ರ ಮಲಗೋಕೆ ಸುಳ್ಳು ಹೇಳ್ತಾಳೆ. ಅಲ್ಲೂ ಹೇಳ್ತಾಳೆ. ನಂಬಬೇಕು ಅಂತ ಅಲ್ಲಿನವರಿಗೆ ಹೇಳಿ.”

“ಹೇಳ್ತೀನಿ.”

ಅಕ್ಕ ತನ್ನ ವ್ಯಾನು ಹತ್ತಿದಳು. ತಂಗಿ ಅಳಲಿಲ್ಲ. ಕಿಟಕಿಗೆ ಹಣೆ ಒತ್ತಿ, ಮುಂದಿನ ವ್ಯಾನು ತಿರುವಿನಲ್ಲಿ ಮರೆಯಾಗುವುದನ್ನು ನೋಡಿದಳು. ಆಮೇಲೆ ವಿಶ್ಲೇಷಕಿಯ ಕಡೆ ಸರಿದು ಕೂತಳು.

“ಆಂಟಿ, ನಂಗೆ ಕತ್ತಲೆ ಅಂದ್ರೆ ತುಂಬಾ ಭಯ.”

ಹೊರಗೆ ಮಟಮಟ ಮಧ್ಯಾಹ್ನ.

“ಗೊತ್ತು ಪುಟ್ಟಿ,” ಅಂದಳು ವಿಶ್ಲೇಷಕಿ. “ಬಾ.”