ಎರಡು ಮೊನೆಗಳ ನಡುವೆ

ಆ ಮೋಟರಿನ ಒಂದು ತುದಿ ನನ್ನ ಕೈಯಲ್ಲಿತ್ತು, ಇನ್ನೊಂದು ತುದಿ ಅವಳ ಕೈಯಲ್ಲಿ. ಗುಜರಿ ಅಂಗಡಿಯವನು ಇಬ್ಬರ ಮುಖವನ್ನೂ ನೋಡಿ, ನೀವೇ ಬಗೆಹರಿಸಿಕೊಳ್ಳಿ ಎನ್ನುವಂತೆ ಅತ್ತ ತಿರುಗಿದ.

"ಮೊದಲು ನೋಡಿದ್ದು ನಾನು," ಅಂದಳು.

"ಇದು ಸುಟ್ಟುಹೋಗಿದೆ ಮೇಡಂ. ನಾನು ಮೋಟರ್ ವೈಂಡಿಂಗ್ ಮಾಡೋನು, ವಾಸನೆಯಲ್ಲೇ ಗೊತ್ತಾಗುತ್ತೆ."

"ಒಳ್ಳೇದಾಯ್ತು. ಹಾಗಾದ್ರೆ ನೀವೇ ರಿಪೇರಿ ಮಾಡ್ಕೊಡಿ."

ಅದು ಕೇಳಿದ್ದಲ್ಲ, ಹೇಳಿದ್ದು.

"ಹಳೇ ವಾಷಿಂಗ್ ಮೆಷಿನ್ ಮೋಟರು. ಮತ್ತೆ ಬಟ್ಟೆ ಒಗೀತೀರಾ ಇದರಲ್ಲಿ?"

"ಬಟ್ಟೆ ಅಲ್ಲ, ಮರ. ಮರ ತಿರುಗಿಸಿ ಕಡೆಯೋ ಲೇತ್ ಮಾಡ್ತೀನಿ."

ನನಗೆ ನಗು ಬಂತು. ಬರಬಾರದಿತ್ತು. ಅವಳು ಎಡಗೈಯನ್ನು ಸರಕ್ಕನೆ ಹಿಂದೆ ಎಳೆದುಕೊಂಡಳು. ಅಷ್ಟರಲ್ಲಿ ನೋಡಿಬಿಟ್ಟಿದ್ದೆ. ಕಿರುಬೆರಳು, ಉಂಗುರದ ಬೆರಳು, ಎರಡೂ ಮಡಚದೆ ನೆಟ್ಟಗೆ ನಿಂತಿದ್ದವು. ಮೋಟರನ್ನು ನಾನೇ ಹೊತ್ತುಕೊಂಡು ನನ್ನ ಅಂಗಡಿಗೆ ನಡೆದೆ. ಅವಳು ಹಿಂದೆ ಬಂದಳು.

ಫರ್ನಿಚರ್ ಕಾರ್ಖಾನೆಯಲ್ಲಿ ನಾಲ್ಕು ವರ್ಷ ಲೇತ್ ಮೇಲೆ ಮೇಜಿನ ಕಾಲು ಕಡೆಯುತ್ತಿದ್ದವಳು ಅವಳು. ಎರಡು ವರ್ಷದ ಹಿಂದೆ ಒಂದು ದಿನ ತೋಳಿನ ಬಟ್ಟೆ ಸಿಕ್ಕಿಕೊಂಡಿತು. ಕೈ ಉಳಿಯಿತು, ಲೇತ್ ಕೆಲಸ ಹೋಯಿತು. ಈಗ ಅದೇ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಬೇರೆಯವರು ಕಡೆದ ಕಾಲುಗಳಿಗೆ ಕಾಗದ ಸುತ್ತುತ್ತಿದ್ದಳು.

"ಸುತ್ತೋವಾಗ ಅಂಗೈ ಸುಮ್ನಿರಲ್ಲ," ಅಂದಳು. "ಯಾರೋ ಅವಸರದಲ್ಲಿ ಉಳಿ ಹಿಡಿದಿರ್ತಾರೆ, ಗೊತ್ತಾಗ್ಬಿಡುತ್ತೆ. ಇದನ್ನ ನಾನು ಮಾಡ್ಬೇಕಿತ್ತು ಅನ್ಸುತ್ತೆ."

ಇನ್ನೊಮ್ಮೆ ಲೇತ್ ಹತ್ತಿರ ಹೋಗಕೂಡದು ಎಂದು ಅವಳ ಅಣ್ಣ ಕಟ್ಟಪ್ಪಣೆ ಮಾಡಿದ್ದನಂತೆ. ಅದಕ್ಕೇ ನನ್ನ ಅಂಗಡಿಯ ಹಿಂದಿನ ತಗಡಿನ ಶೆಡ್ ಅವಳ ಗುಟ್ಟಿನ ಜಾಗವಾಯಿತು.

"ದಿನಾ ಸಂಜೆ ಎಲ್ಲಿಗೆ ಅಂತ ಅಣ್ಣ ಕೇಳಲ್ವಾ?"

"ಸಂಗೀತದ ಕ್ಲಾಸು ಅಂತ ಹೇಳಿದೀನಿ."

"ಹಾಡೋಕೆ ಬರುತ್ತಾ?"

"ಕತ್ತೆಗೆ ಬಂದಷ್ಟು. ನಿನ್ನೆ ಒಂದು ಹಾಡು ಹೇಳು ಅಂದ. ಗಂಟಲು ಕೆಟ್ಟಿದೆ ಅಂದೆ."

ನಕ್ಕಾಗ ಅವಳ ಕಣ್ಣು ಮೊದಲು ನಗುತ್ತಿತ್ತು, ತುಟಿ ಆಮೇಲೆ. ಆ ನಡುವಿನ ಅರೆಗಳಿಗೆಗಾಗಿ ನಾನು ಇಡೀ ದಿನ ಜೋಕು ಹುಡುಕತೊಡಗಿದೆ.

ಲೇತ್ ಮೆಲ್ಲಗೆ ಮೈತುಂಬಿಕೊಂಡಿತು. ಹಳೆಯ ಕಬ್ಬಿಣದ ಮಂಚದ ಉದ್ದದ ಪಟ್ಟಿಗಳು ಅದರ ಅಡಿಪಾಯವಾದವು. ಮುಚ್ಚಿಹೋದ ಹಿಟ್ಟಿನ ಗಿರಣಿಯಿಂದ ಎರಡು ಬೇರಿಂಗ್ ಸಿಕ್ಕವು. ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಅವಳು ಉಜ್ಜಿ ಉಜ್ಜಿ ಉಳಿ ಮಾಡಿದಳು. ಮರವನ್ನು ಮೋಟರಿನ ಎದುರು ಬದಿಯಿಂದ ಒತ್ತಿ ಹಿಡಿಯಲು, ಕಬ್ಬಿಣ ಕಚ್ಚಿ ಹಿಡಿಯುವ ಬೆಂಚ್ ವೈಸೊಂದು ಮುರಿದು ಬಿದ್ದಿತ್ತು, ಅದರ ತಿರುಪು. "ನೀವು" ಹೋಗಿ "ನೀನು" ಬಂದದ್ದು ಯಾವ ಬೋಲ್ಟು ಬಿಗಿಯುವಾಗಲೋ, ಇಬ್ಬರಿಗೂ ನೆನಪಿಲ್ಲ. ಅವಳು ನನ್ನನ್ನು "ವೈಂಡರ್" ಎಂದೇ ಕರೆಯುತ್ತಿದ್ದಳು.

ಕೊನೆಗೆ ಉಳಿದದ್ದು ಮರವನ್ನು ಎರಡೂ ಕಡೆಯಿಂದ ಹಿಡಿಯುವ ಮೊನೆಗಳನ್ನು ಕೂಡಿಸುವ ಕೆಲಸ. ಈ ಬದಿಯ ಮೊನೆ, ಆ ಬದಿಯ ಮೊನೆ, ಕೂದಲೆಳೆಯಷ್ಟೂ ಆಚೀಚೆ ಇರಬಾರದು. ಇಬ್ಬರೂ ಬಗ್ಗಿ, ಉಸಿರು ಬಿಗಿಹಿಡಿದು ನೋಡಿದೆವು. ಅವಳು ತಿರುಪು ತಿರುಗಿಸಿದಳು. ಮೊನೆಗಳು ಹತ್ತಿರ ಬಂದವು, ಇನ್ನೂ ಹತ್ತಿರ, ಮುಟ್ಟಿದವು. ತಲೆ ಎತ್ತಿದರೆ ಅವಳ ಮುಖ ಒಂದು ಗೇಣು ದೂರದಲ್ಲಿತ್ತು. ಹುಬ್ಬಿನ ಮೇಲೆ ಗ್ರೀಸು.

"ಏನು ನೋಡ್ತಿದೀಯ?"

"ಮೊನೆ ಸರಿ ಇದೆಯಾ ಅಂತ."

"ಮೊನೆ ಕೆಳಗಿದೆ ವೈಂಡರ್."

ಮರುದಿನ ಸಂಜೆ ಅವಳು ಕೂದಲನ್ನು ಬಿಗಿಯಾಗಿ ಕಟ್ಟಿ, ತೋಳುಗಳನ್ನು ಮೊಣಕೈ ಮೇಲಕ್ಕೆ ಮಡಚಿ, ಹಳೆಯ ಕಿಟಕಿ ಚೌಕಟ್ಟಿನ ತುಂಡೊಂದನ್ನು ಮೊನೆಗಳ ನಡುವೆ ಸಿಕ್ಕಿಸಿದಳು. ಮೋಟರು ಗುಂಯ್‌ಗುಟ್ಟಿತು. ಉಳಿ ಮರಕ್ಕೆ ತಾಗಿತು. ಮಡಚದ ಆ ಎರಡು ಬೆರಳುಗಳು ತಿರುಗುವ ಮರದ ಪಕ್ಕದಲ್ಲೇ ನಿಂತಿದ್ದವು. ಯೋಚಿಸುವ ಮೊದಲೇ ಗೋಡೆಯ ಸ್ವಿಚ್ ಆಫ್ ಮಾಡಿಬಿಟ್ಟೆ.

ಮರ ನಿಂತಿತು. ಅವಳು ನಿಧಾನವಾಗಿ ಉಳಿ ಕೆಳಗಿಟ್ಟಳು.

"ಕರೆಂಟ್ ಹೋಯ್ತಾ?"

"ಇಲ್ಲ. ನಾನೇ... ಭಯ ಆಯ್ತು."

"ನಂಗೆ ಭಯ ಆಗಲ್ಲ ಅನ್ಕೊಂಡಿದೀಯಾ? ಎರಡು ವರ್ಷದಿಂದ ಆ ಭಯ ಇಟ್ಕೊಂಡೇ ಇಲ್ಲೀವರೆಗೆ ಬಂದೆ. ನೀನೊಬ್ಬನಾದ್ರೂ ಆಫ್ ಮಾಡಲ್ಲ ಅನ್ಕೊಂಡಿದ್ದೆ."

ಹೋದಳು. ಒಂಬತ್ತು ದಿನ ಬರಲಿಲ್ಲ.

ಆ ಒಂಬತ್ತು ದಿನ ನನ್ನ ಕೈಗೆ ಯಾವ ಕೆಲಸವೂ ಹತ್ತಲಿಲ್ಲ. ತಂತಿ ಸುತ್ತುವಾಗ ಮೂವತ್ತನೆಯ ಸುತ್ತಿಗೆ ಬರುವಷ್ಟರಲ್ಲಿ ಲೆಕ್ಕ ತಪ್ಪುತ್ತಿತ್ತು. ಬಿಚ್ಚುವುದು, ಮತ್ತೆ ಸುತ್ತುವುದು. ಬಾಗಿಲಲ್ಲಿ ನೆರಳಾಡಿದರೆ ಎದ್ದು ನಿಲ್ಲುತ್ತಿದ್ದೆ. ಯಾರದೋ ಮಿಕ್ಸಿ, ಯಾರದೋ ಫ್ಯಾನು. ಒಂಬತ್ತನೆಯ ಮಧ್ಯಾಹ್ನ ತಡೆಯಲಾಗದೆ ನಾನೇ ಒಂದು ಮರದ ತುಂಡು ಸಿಕ್ಕಿಸಿ ಲೇತ್ ಹಾಕಿದೆ. ಉಳಿ ಇಟ್ಟೆನೋ ಇಲ್ಲವೋ, ತುಂಡು ಕಿತ್ತುಕೊಂಡು ಹಾರಿ ತಗಡಿಗೆ ಬಡಿಯಿತು. ಗೋಡೆಗೆ ಒರಗಿ ಕುಳಿತೆ. ಇಷ್ಟು ಭಯವನ್ನು ಹೊತ್ತುಕೊಂಡೂ ಅವಳು ಅಷ್ಟು ನಿಶ್ಚಲವಾಗಿ ಹೇಗೆ ನಿಂತಿದ್ದಳು? ಎದ್ದವನೇ ಕಾರ್ಖಾನೆಯ ಗೇಟಿಗೆ ಹೋದೆ.

ಕೆಲಸ ಬಿಟ್ಟು ಬಂದವಳು ನನ್ನನ್ನು ನೋಡಿ ನಿಂತಳು.

"ಇವತ್ತು ನಾನೇ ಲೇತ್ ಹಾಕಿದ್ದೆ," ಅಂದೆ.

ಅವಳ ಮುಖದ ಬಣ್ಣವೇ ಇಳಿಯಿತು. "ಪೆಟ್ಟಾಯ್ತಾ?"

"ತಗಡಿಗೆ."

ಕಣ್ಣು ಮೊದಲು ನಕ್ಕಿತು. "ಉಳೀನ ಮರದ ತುದೀಲಿ ಇಟ್ಟಿರ್ತೀಯ, ದಡ್ಡ!"

"ಕಲಿಸು. ನಾನಿನ್ನು ಸ್ವಿಚ್ ಮುಟ್ಟಲ್ಲ. ಭಯ ಆದ್ರೆ ಬಾಯಲ್ಲಿ ಹೇಳ್ತೀನಿ."

ಶೆಡ್ ಕಡೆ ನಡೆಯುತ್ತಾ ಅವಳೇ ಮಾತು ತೆಗೆದಳು. "ಅಣ್ಣಂಗೆ ಎಲ್ಲಾ ಹೇಳ್ಬಿಟ್ಟೆ. ಮೂರು ದಿನ ಮಾತಾಡ್ಲಿಲ್ಲ. ನಾಲ್ಕನೇ ದಿನ ಇದನ್ನ ತಂದು ನನ್ನ ಮುಂದೆ ಇಟ್ಟ." ಚೀಲದಿಂದ ಮುಖಕ್ಕೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಪರದೆಯನ್ನು ತೆಗೆದು ತೋರಿಸಿದಳು. "ಆಮೇಲೆ, ಆ ವೈಂಡರ್ ಯಾರು ನಿಂಗೆ ಅಂತ ಕೇಳಿದ."

"ಏನಂದೆ?"

"ಅವನನ್ನೇ ಕೇಳಿ ಹೇಳ್ತೀನಿ ಅಂದೆ."

ಅಷ್ಟರಲ್ಲಿ ಶೆಡ್ ತಲುಪಿದ್ದೆವು. ಅವಳು ಪರದೆ ಹಾಕಿಕೊಂಡು ಮೋಟರು ಹಾಕಿದಳು. ನಾನು ಕೈ ಹಿಂದೆ ಕಟ್ಟಿಕೊಂಡು ಪಕ್ಕದಲ್ಲಿ ನಿಂತೆ. ಮರದ ಸುರುಳಿಗಳು ಹಾರಿ ಅವಳ ತೋಳಿನ ಮೇಲೆ, ನನ್ನ ಅಂಗಿಯ ಮೇಲೆ ಬಿದ್ದವು. ಒರಟು ತುಂಡು ಕಣ್ಣೆದುರೇ ದುಂಡಗಾಯಿತು.

"ಭಯ ಆಗ್ತಿದೆ!" ಮೋಟರಿನ ಸದ್ದಿನ ಮೇಲೆ ಕೂಗಿದೆ.

"ನಂಗೂ!"

"ಅದಕ್ಕಿಂತ ಜಾಸ್ತಿ ನೀನು ಇಷ್ಟ!"

ಅವಳು ಮೋಟರು ನಿಲ್ಲಿಸಿದಳು. ಪರದೆ ಮೇಲೆತ್ತಿ, ನನ್ನ ರೆಪ್ಪೆಯ ಮೇಲಿದ್ದ ಮರದ ಹೊಟ್ಟನ್ನು ಬೆರಳ ತುದಿಯಿಂದ ತೆಗೆದಳು.

"ಇಷ್ಟು ಹೇಳೋಕೆ ಇಷ್ಟು ದಿನ ಬೇಕಾಯ್ತಾ? ನಾನು ಗುಜರಿ ಅಂಗಡಿಯವನ ಹತ್ರಾನೇ ಹೇಳ್ಕೊಳ್ಳೋ ಸ್ಥಿತಿಗೆ ಬಂದಿದ್ದೆ."

"ನಾಳೆ ನಿಮ್ಮಣ್ಣನ ಹತ್ರ ಬಂದು ಮಾತಾಡ್ತೀನಿ."

"ನಾಳೆ ಯಾಕೆ? ಗೇಟಲ್ಲಿ ಸಿಗ್ಲಿಲ್ಲ ಅಂತ ನನ್ನ ಕರ್ಕೊಂಡ್ ಹೋಗೋಕೆ ಇಲ್ಲಿಗೇ ಬಂದಿದಾನೆ. ಸೈಕಲ್ ಹಿಡ್ಕೊಂಡು ಆಚೆ ನಿಂತಿದಾನೆ ನೋಡು."

ಹೊರಗೆ ಹೋದೆ. ತಲೆಯ ತುಂಬ ಹೊಟ್ಟು. ಬಾಗಿಲು ದಾಟುವಷ್ಟರಲ್ಲಿ ಜೋಡಿಸಿಕೊಂಡ ಮಾತೆಲ್ಲ ಅವನ ಮುಖ ನೋಡುತ್ತಲೇ ಮಾಯ.

"ನಿಮ್ಮ ತಂಗೀನ ಮದುವೆ ಆಗ್ಬೇಕು ಅಂತಿದೀನಿ," ಅಂದೆ.

ಅವನು ನನ್ನ ಹಿಂದೆ ನಿಂತಿದ್ದ ತಂಗಿಯ ಮುಖ ನೋಡಿದ. ಯಾರ ಮುಂದೆಯೂ ತಲೆ ತಗ್ಗಿಸದವಳು ನೆಲ ನೋಡುತ್ತಿದ್ದಳು. ಅವನು ಸೈಕಲ್ ತಿರುಗಿಸಿ ನಿಲ್ಲಿಸಿಕೊಂಡ.

"ನಡೀರಿ," ಅಂದ. "ಅಮ್ಮ ಮನೇಲಿದಾರೆ. ಈಗ ನಂಗೆ ಹೇಳಿದ್ದನ್ನ ಅವರೆದುರು ಕೂತ್ಕೊಂಡು ಇನ್ನೊಂದ್ಸಲ ಹೇಳಿ."