ತಳ ಮುಚ್ಚುವಷ್ಟು ಚಹಾ

"ಕೈ ಸ್ವಲ್ಪ ಮೇಲೆತ್ತಿ. ಬೆಲ್ಟ್ ಬಿಗಿ ಆದ್ರೆ ಹೇಳಿ."

ಅಕ್ಬೋತಾ ಕೈಗಳನ್ನು ಮೇಲೆತ್ತಿದಳು. ಉಸಿರು ಮಾತ್ರ ಎದೆಯಲ್ಲೇ ನಿಂತುಬಿಟ್ಟಿತು...

ತನ್ನ ಮುಂದೆ ಬಗ್ಗಿ ಲೈಫ್ ಜಾಕೆಟ್ಟಿನ ಪಟ್ಟಿ ಎಳೆಯುತ್ತಿದ್ದ ಆ ಎಡಗೈಯ ಕೊನೆಯ ಎರಡು ಬೆರಳುಗಳು ಮಡಚುತ್ತಲೇ ಇರಲಿಲ್ಲ. ಒಣಗಿದ ಕಡ್ಡಿಗಳ ಹಾಗೆ ನೆಟ್ಟಗೆ ನಿಂತಿದ್ದವು.

ಆ ಬೆರಳುಗಳನ್ನು ಹಾಗೆ ಮಾಡಿದವಳು ತಾನೇ!

ಅವನು ತಲೆ ಎತ್ತಿದ. ಕಪ್ಪು ಕನ್ನಡಕ, ಹಣೆ ಮುಚ್ಚುವ ಟೋಪಿ... ಯಾವುದೂ ಅವಳನ್ನು ಅಡಗಿಸಲಿಲ್ಲ. ಒಂದು ಕ್ಷಣ ಸರ್ಸೆನ್‌ನ ಮುಖದಲ್ಲಿ ಏನೋ ಬಂದು ಹೋಯಿತು. ಮರುಕ್ಷಣವೇ ಬಾಯಿ ಕಿವಿಯವರೆಗೆ ಅಗಲವಾಯಿತು.

"ಏ ಒಂಟೆಮರಿ! ಇನ್ನೂ ಬದುಕಿದ್ದೀಯಾ? ನಿನ್ನ ತಿಥಿ ಊಟಕ್ಕೆ ಯಾವಾಗ ಕರೀತಾರೋ ಅಂತ ಒಂದು ವರ್ಷದಿಂದ ಹಸ್ಕೊಂಡು ಕೂತಿದೀನಲ್ಲೇ!"

ಅವಳ ಹೆಸರಿನ ಅರ್ಥವೇ ಬಿಳಿ ಒಂಟೆಮರಿ. ಆ ಹೆಸರನ್ನು ಹೀಗೆ ಎಳೆದಾಡುವ ಧೈರ್ಯ ಇದ್ದದ್ದು ಅವನೊಬ್ಬನಿಗೇ.

ಪಕ್ಕದಲ್ಲಿದ್ದ ರೌಶಾನ್ ಕಣ್ಣರಳಿಸಿದಳು. ಝನಾವೊಝೆನ್‌ನ ಔಷಧದಂಗಡಿಯಲ್ಲಿ ಅಕ್ಬೋತಾಳ ಜೊತೆ ಕೆಲಸ ಮಾಡುವವಳು ಅವಳು. ಅಂಗಡಿಯವರನ್ನೆಲ್ಲ ಹೊರಡಿಸಿಕೊಂಡು ಅಕ್ತೌ ಕಡಲಿಗೆ ಈ ಜೆಟ್ ಸ್ಕೀ ಪ್ರವಾಸ ಗೊತ್ತು ಮಾಡಿದ್ದೂ ಅವಳೇ.

"ಯಾರೇ ಇವನು? ಬಾಯಿ ಬಿಟ್ರೆ ಸಾವಿನ ಮಾತು!"

"ಕುರ್ದಾಸ್..." ಅಕ್ಬೋತಾ ಪಿಸುಗುಟ್ಟಿದಳು.

"ಓ, ಓರಗೆಯವನಾ! ಹಾಗಾದ್ರೆ ಬಿಡು. ನನ್ನ ಕುರ್ದಾಸ್ ಒಬ್ಬ ನನ್ನ ಮದುವೆ ದಿನ ಶೂ ಒಳಗೆ ಮೀನು ಇಟ್ಟಿದ್ದ. ನಗದೆ ಬೇರೆ ದಾರಿ ಇತ್ತಾ?"

ಇರಲಿಲ್ಲ. ಅದೇ ಅಲ್ಲವೇ ಕಷ್ಟ! ಒಂದೇ ವರ್ಷ ಹುಟ್ಟಿದ ಓರಗೆಯವರು ಪರಸ್ಪರ ಏನು ತಮಾಷೆ ಮಾಡಿದರೂ ಸಿಟ್ಟಾಗುವ ಹಾಗಿಲ್ಲ. ಸಿಟ್ಟಾದವನನ್ನು ನೋಡಿ ಊರೇ ನಗುತ್ತದೆ.

*ಅವನು ಸಮುದ್ರ ಬಿಟ್ಟುಬಿಟ್ಟ ಅಂದಿದ್ರಲ್ಲ... ಅದನ್ನ ನಂಬಿ ಬಂದೆನಲ್ಲ ದೇವರೇ!*

ಅವಳ ಕೈ ತನಗೆ ತಿಳಿಯದೆ ಸೊಂಟದ ಚಿಕ್ಕ ಚೀಲವನ್ನು ಮುಟ್ಟಿತು. ಒಳಗೆ ಕೆಂಪು ದಾರ ಹಾಗೇ ಇತ್ತು. ಎಸೆಯಲೂ ಆಗದೆ, ಇಟ್ಟುಕೊಳ್ಳಲೂ ಆಗದೆ ಒಂದು ವರ್ಷದಿಂದ ಹೊತ್ತುಕೊಂಡೇ ತಿರುಗುತ್ತಿದ್ದಳು.

"ಎಲ್ಲರೂ ಕೇಳಿ!" ಸರ್ಸೆನ್ ಗುಂಪಿಗೆ ಕೂಗಿ ಹೇಳಿದ. "ಈ ಕೆಂಪು ದಾರದ ಒಂದು ತುದಿ ನಿಮ್ಮ ಮಣಿಕಟ್ಟಿಗೆ, ಇನ್ನೊಂದು ತುದಿಯ ಕ್ಲಿಪ್ಪು ಗಾಡಿಗೆ. ನೀವು ಬಿದ್ರೆ ಕ್ಲಿಪ್ಪು ಕಳಚುತ್ತೆ, ಇಂಜಿನ್ ನಿಲ್ಲುತ್ತೆ. ಇದು ಇಲ್ಲದೆ ಗಾಡಿ ಶುರುವೇ ಆಗಲ್ಲ. ಕಳ್ಕೊಂಡ್ರೆ ನನ್ನ ಹಾಗೆ ಆಗ್ತೀರ!"

ಅವನು ಎಡಗೈ ಎತ್ತಿ ಆ ಎರಡು ಬೆರಳು ತೋರಿಸಿ ನಕ್ಕ. ಎಲ್ಲರೂ ನಕ್ಕರು.

ಅಕ್ಬೋತಾ ಮಾತ್ರ ಮುಖ ತಗ್ಗಿಸಿ ಜಾಕೆಟ್ಟಿನ ಪಟ್ಟಿಯನ್ನು ಮತ್ತೆ ಬಿಗಿದಳು.

ಜೆಟ್ ಸ್ಕೀಗಳು ಸಾಲಾಗಿ ಹೊರಟವು. ಬಲಕ್ಕೆ ಸುಣ್ಣದಂತೆ ಬೆಳ್ಳಗಿನ ಕಡಿದಾದ ಗೋಡೆ, ಅದರ ತುದಿಯಲ್ಲಿ ಕೆಳಗಿನ ಗದ್ದಲವನ್ನು ತಾತ್ಸಾರದಿಂದ ನೋಡುವ ಎರಡು ಒಂಟೆಗಳು, ಎಡಕ್ಕೆ ಹಸಿರು ನೀಲಿ ನೀರು. ಈ ದಾರಿಯಲ್ಲಿ ಅವಳು ಎಷ್ಟು ಸಲ ಹೋಗಿರಲಿಲ್ಲ! ಆಗ ಅವನು ಮುಂದೆ, ಅವಳು ಸಾಲಿನ ಕೊನೆಯಲ್ಲಿ. ಇಬ್ಬರೂ ಒಂದೇ ಕಡೆ ಪ್ರವಾಸಿಗರನ್ನು ಕರೆದೊಯ್ಯುವ ಕೆಲಸಕ್ಕಿದ್ದರು.

ಕೆಲಸಕ್ಕೆ ಸೇರಿದ ದಿನವೇ ಅವನು ಕೇಳಿದ್ದ. "ಯಾವ ವರ್ಷ ನಿಂದು?"

"ಕುದುರೆ ವರ್ಷ."

ಹನ್ನೆರಡು ಪ್ರಾಣಿಗಳ ಹೆಸರಲ್ಲಿ ಸುತ್ತಿ ಬರುವ ವರ್ಷಗಳಲ್ಲಿ ಅವಳದು ಅದು. ಅವನು ಯಾಕೋ ಸ್ವಲ್ಪ ತಡೆದು, "ಅರೆ, ನಂದೂ ಕುದುರೆನೇ! ಹಾಗಾದ್ರೆ ಕುರ್ದಾಸ್!" ಎಂದು ಕೈ ಚಾಚಿದ್ದ. ಸಂಜೆಗೆಲ್ಲ ಅವಳ ಚಹಾದಲ್ಲಿ ಉಪ್ಪು ಬಿದ್ದಿತ್ತು.

ಅಲ್ಲಿಂದ ಶುರುವಾದ ಆಟ ಕಳೆದ ಬೇಸಿಗೆಯ ಆ ಮಧ್ಯಾಹ್ನದವರೆಗೂ ನಡೆದಿತ್ತು.

ಕೊಲ್ಲಿಯಲ್ಲಿ ಎಲ್ಲರೂ ಇಳಿದು ಸುಧಾರಿಸಿಕೊಳ್ಳುತ್ತಿದ್ದರು. ಅವಳು ಅವನ ಗಾಡಿಯ ಕೆಂಪು ದಾರ ತೆಗೆದು ಜೇಬಿಗೆ ಹಾಕಿಕೊಂಡು, ಗುಂಪನ್ನು ಕರೆದುಕೊಂಡು ಹೊರಟುಬಿಟ್ಟಿದ್ದಳು. ಮೂಲೆ ತಿರುಗಿ, ಸ್ವಲ್ಪ ಹೊತ್ತು ಕಾಯಿಸಿ, ಹಲ್ಲುಕಿರಿಯುತ್ತಾ ಹಿಂದಿರುಗುವ ಯೋಚನೆ. ಅಷ್ಟೇ...

ಅಷ್ಟರಲ್ಲಿ ಉತ್ತರದ ಗಾಳಿ ಎದ್ದಿತು.

ಅಳುತ್ತಿದ್ದ ಪ್ರವಾಸಿಗರನ್ನು ದಡ ಮುಟ್ಟಿಸದೆ ಹಿಂದಿರುಗುವಂತಿರಲಿಲ್ಲ. ದಡ ಮುಟ್ಟಿಸಿದ ಮೇಲೆ ಮಾಲೀಕ ಖಮಿತ್ ಅಗಾ ಅವಳನ್ನು ನೀರಿಗಿಳಿಯಲು ಬಿಡಲಿಲ್ಲ. ಅತ್ತ ಅಲೆಗೆ ಕೊಚ್ಚಿಹೋಗುತ್ತಿದ್ದ ಗಾಡಿಯನ್ನು ಹಿಡಿದು ನಿಲ್ಲಿಸಲು ಸರ್ಸೆನ್ ನೀರಿಗೆ ಹಾರಿದ್ದ. ಗಾಡಿಗೂ ಬಂಡೆಗೂ ನಡುವೆ ಅವನ ಕೈ ಸಿಕ್ಕಿತು. ಮೀನುಗಾರರ ದೋಣಿ ಅವನನ್ನು ಕರೆತಂದಾಗ ಮುಖ ಬಿಳಿಚಿಕೊಂಡಿತ್ತು.

"ದಾರ ನೀರಿಗೆ ಬೀಳಿಸಿಕೊಂಡೆ ಅಗಾ. ತಪ್ಪು ನಂದೇ," ಎಂದಿದ್ದ. ಖಮಿತ್ ಅಗಾನ ಹೆಗಲ ಮೇಲಿಂದ ಅವಳ ಕಡೆ ನೋಡಿ ಕಣ್ಣು ಕೂಡ ಮಿಟುಕಿಸಿದ್ದ!

ಅವಳು ಬಾಯಿ ತೆರೆಯಲಿಲ್ಲ. ಮರುವಾರವೇ ಊರು ಬಿಟ್ಟು ಝನಾವೊಝೆನ್‌ಗೆ ಹೋಗಿ ಅಕ್ಕನ ಮನೆ ಸೇರಿದಳು. ಅವನ ಫೋನ್ ಬಂದಾಗಲೆಲ್ಲ ಪರದೆಯನ್ನು ನೋಡುತ್ತಾ ಕೂರುತ್ತಿದ್ದಳು, ಅದು ತಾನಾಗಿ ಸುಮ್ಮನಾಗುವವರೆಗೆ.

*ಹೇಡಿ... ನಾನು ಹೇಡಿ!*

ಅದೇ ಕೊಲ್ಲಿ ಬಂತು. ಸಮುದ್ರ ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯುತ್ತಿದೆ. ಕಳೆದ ಬೇಸಿಗೆಯಲ್ಲಿ ನೀರಿನೊಳಗಿದ್ದ ಬಂಡೆ ಈಗ ಬೆನ್ನು ಒಣಗಿಸಿಕೊಳ್ಳುತ್ತಾ ಎದುರಿಗೇ ಕೂತಿತ್ತು. ಅವಳು ಮುಖ ತಿರುಗಿಸಿದಳು.

ತಿರುಗಿಸಿದ ಕಡೆ ಒಂದು ನೆರಳಿನ ಡೇರೆ. ಚಹಾದ ಹಬೆ. ಡೇರೆಯಿಂದ ಎದ್ದು ಬರುತ್ತಿದ್ದವರು... ಶೋಲ್ಪಾನ್ ಅಪಾ. ಸರ್ಸೆನ್‌ನ ತಾಯಿ!

"ಅಯ್ಯೋ ನನ್ನ ಮರೀ! ಬೋತಾ!" ಅಪಾ ಅವಳ ತಲೆ ಬಗ್ಗಿಸಿ ಹಣೆಯನ್ನು ಮೂಸಿ ಮುತ್ತಿಟ್ಟರು. "ಎಷ್ಟು ಇಳಿದುಹೋಗಿದೀಯೇ! ಆ ಊರಲ್ಲಿ ಯಾರೂ ಊಟ ಹಾಕಲ್ವಾ? ಬಾ, ಕೂತ್ಕೋ. ಪ್ರವಾಸಿಗರಿಗೆ ಅಂತ ಈ ಬೇಸಿಗೆ ನಾನೇ ಇಲ್ಲಿ ಒಲೆ ಹೂಡಿದೀನಿ."

ಕಂಬಳಿಯ ಮೇಲೆ ಎಣ್ಣೆಯಲ್ಲಿ ಕರಿದ ಬಿಸಿ ಹಿಟ್ಟಿನುಂಡೆ ಬೌರ್ಸಾಕ್ ಸುರಿದರು. ಹಾಲು ಹಾಕಿದ ಚಹಾ ಕೊಟ್ಟರು, ಬಟ್ಟಲಿನ ತಳ ಮುಚ್ಚುವಷ್ಟೇ. ಪ್ರೀತಿಯ ಅತಿಥಿಗೆ ಹಾಗೆಯೇ ಕೊಡುವುದು. ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ. ಬೇಗ ಎದ್ದು ಹೋಗಬಾರದಲ್ಲ!

ಅಕ್ಬೋತಾ ಬಟ್ಟಲನ್ನು ತುಟಿಗೆ ತಾಗಿಸಿ ಹಾಗೇ ಕೆಳಗಿಟ್ಟಳು.

"ಕುಡಿಯೇ ಒಂಟೆಮರಿ," ಸರ್ಸೆನ್ ಬಂದು ಕೂತ. "ಉಪ್ಪು ಹಾಕಿಲ್ಲ, ಆಣೆ. ನಿನ್ನ ಮುಖಾನೇ ಉಪ್ಪಿನಕಾಯಿ ಆಗಿದೆ."

"ಸುಮ್ನಿರೋ ಪೆದ್ದ!" ಅಪಾ ಮಗನ ಬೆನ್ನಿಗೆ ಗುದ್ದಿದರು. "ಮಾತಿಗೇನೂ ಕಡಿಮೆ ಇಲ್ಲ. ಒಂದು ದಾರ ಜೋಪಾನ ಮಾಡೋಕೆ ಬರಲಿಲ್ಲ. ನಿಂಗೆ ಗೊತ್ತಾ ಬೋತಾ, ರಕ್ಷಣಾ ದಳಕ್ಕೆ ಆಯ್ಕೆ ಆಗಿದ್ದ ಕಣೇ! ಮುಳುಗೋರನ್ನ ಎತ್ತೋ ಕೆಲಸ. ಚಿಕ್ಕಂದಿನಿಂದ ಅದೊಂದೇ ಕನಸು. ಈ ಕೈ ನೋಡಿ ಬೇಡ ಅಂದ್ರು. ತನ್ನ ಕೈಯಾರೆ ತಾನೇ ಹಾಳು ಮಾಡ್ಕೊಂಡ."

"ಅಮ್ಮಾ, ಮುಗಿದ ಕಥೆ ಬಿಡು..."

"ಅಪಾ!"

ಅಕ್ಬೋತಾ ಎಷ್ಟು ಜೋರಾಗಿ ಕೂಗಿದಳೆಂದರೆ ರೌಶಾನ್‌ಳ ಕೈಯಿಂದ ಬೌರ್ಸಾಕ್ ಜಾರಿತು. ಅಕ್ಬೋತಾ ಚೀಲದಿಂದ ಕೆಂಪು ದಾರ ತೆಗೆದು ಕಂಬಳಿಯ ಮೇಲಿಟ್ಟಳು.

"ಅವನು ಬೀಳಿಸಲಿಲ್ಲ ಅಪಾ. ನಾನು... ನಾನು ಬಚ್ಚಿಟ್ಟೆ. ತಮಾಷೆಗೆ. ಅವನನ್ನ ಇಲ್ಲಿ ಬಿಟ್ಟು ಹೋದೆ. ಆಮೇಲೂ ಹೇಳಲಿಲ್ಲ. ಒಂದು ವರ್ಷ ಹೇಳಲಿಲ್ಲ!"

ಅಪಾ ದಾರವನ್ನು ನೋಡಿದರು, ಆಮೇಲೆ ಮಗನ ಬೆರಳುಗಳನ್ನು.

ಸರ್ಸೆನ್ ನಗಲು ನೋಡಿದ. "ಓರಗೆಯವರ ಆಟ ಅಮ್ಮಾ. ನಾನೂ ಅವಳಿಗೆ ಏನು ಕಡಿಮೆ ಕಾಟ ಕೊಟ್ಟಿದೀನಾ..."

"ನಗಬೇಡ!" ಅಕ್ಬೋತಾ ಅತ್ತುಬಿಟ್ಟಳು. "ನೀನು ನಗ್ತಾನೇ ಇದ್ರೆ ನಾನು ಯಾರ ಹತ್ರ ಕ್ಷಮೆ ಕೇಳಲಿ? ಸಿಟ್ಟೇ ಇಲ್ಲದವನ ಹತ್ರ ಏನಂತ ಕೇಳಲಿ?"

ಶೋಲ್ಪಾನ್ ಅಪಾ ನಿಧಾನವಾಗಿ ಅವಳ ಬಟ್ಟಲು ತೆಗೆದುಕೊಂಡರು. ಚಹಾ ಸುರಿದರು. ಸುರಿಯುತ್ತಲೇ ಹೋದರು... ಅಂಚಿನವರೆಗೆ.

ತುಂಬಿದ ಬಟ್ಟಲು! ಕುಡಿದು ಎದ್ದು ಹೋಗು ಎಂದು ಹೇಳಲು ಇದಕ್ಕಿಂತ ಬೇರೆ ಮಾತು ಬೇಕಿಲ್ಲ.

ಅಕ್ಬೋತಾ ಎರಡೂ ಕೈಯಲ್ಲಿ ಹಿಡಿದು, ಸುಡುತ್ತಿದ್ದುದನ್ನು ಹಾಗೆಯೇ ಕುಡಿದಳು. ಬಟ್ಟಲು ಇಟ್ಟು ತಲೆ ತಗ್ಗಿಸಿ ಎದ್ದಳು.

"ಓರಗೆಯವರ ಆಟ ಅಂತೆ!" ಬೆನ್ನ ಹಿಂದೆ ಅಪಾ ಅವರ ದನಿ ಕೇಳಿತು. ಸಿಟ್ಟು, ನೋವು ಎಲ್ಲ ಕಲಸಿದ ದನಿ. "ಯಾವ ಓರಗೆಯೋ ನಿಂಗೆ? ಅವಳು ಕುದುರೆ ವರ್ಷದವಳು. ನೀನು ಹುಟ್ಟಿದ್ದು ಅದಕ್ಕೂ ಮೊದಲಿನ ಹಾವಿನ ವರ್ಷ. ಹೆತ್ತವಳಿಗೆ ಗೊತ್ತಿಲ್ವಾ!"

ಅಕ್ಬೋತಾಳ ಕಾಲು ನಿಂತಿತು. ಆದರೆ ಹಿಂದಿರುಗಿ ನೋಡುವ ಹಕ್ಕು ತನಗಿಲ್ಲವೆನಿಸಿತು. ನೇರ ನೀರಿನಂಚಿಗೆ ನಡೆದು, ಆ ಬಂಡೆಯ ಪಕ್ಕ ನಿಂತಳು.

ಸರ್ಸೆನ್ ಹಿಂದೆಯೇ ಬಂದ. ಕೈಯಲ್ಲಿ ಕೆಂಪು ದಾರ. ಮುಖದಲ್ಲಿ ಈಗ ನಗು ಇರಲಿಲ್ಲ.

"ಕುದುರೆ ವರ್ಷ ಅಂತ ಯಾಕೆ ಸುಳ್ಳು ಹೇಳಿದೆ?" ಅವಳು ಕೇಳಿದಳು.

"ನಿಜ ಹೇಳಿದ್ರೆ ಅವತ್ತೇ ನನ್ನನ್ನ ಅಗಾ ಅಂತಿದ್ದೆ. ಅಣ್ಣ! ಕೈ ಕಟ್ಟಿ ನಿಲ್ತಿದ್ದೆ. ಅಗಾ ಅನ್ನಿಸ್ಕೊಂಡು ನಿನ್ನ ಪಕ್ಕ ಹೇಗೆ ಕೂರೋದು? ಕುರ್ದಾಸ್ ಆದ್ರೆ ದಿನಾ ಜಗಳ, ದಿನಾ ಮಾತು... ನಂಗೆ ಅದು ಬೇಕಿತ್ತು."

ತಪ್ಪಿತಸ್ಥೆಗೆ ಇಂಥ ಮಾತು ಕೇಳಿ ಖುಷಿಯಾಗಬಹುದೇ? ನಾಚಿಕೆಯಾಯಿತು.

"ಅಂದ್ರೆ... ಓರಗೆಯವನಲ್ಲ ಅಂದ್ಮೇಲೆ ನೀನು ಸಿಟ್ಟಾಗಬಹುದಿತ್ತು."

"ಆಗಿದ್ದೆ!" ಸರ್ಸೆನ್‌ನ ದನಿ ಮೊದಲ ಸಲ ಒರಟಾಯಿತು. "ತುಂಬಾ ಸಿಟ್ಟಾಗಿದ್ದೆ. ಆಸ್ಪತ್ರೆಯಲ್ಲಿ ಬಾಗಿಲು ಸದ್ದಾದಾಗಲೆಲ್ಲ ನೀನೇ ಅಂತ ಎದ್ದು ಕೂರ್ತಿದ್ದೆ. ಆ ಕೆಲಸ ಹೋಯ್ತು ಅಂತ ತಿಳಿದ ದಿನ ಅತ್ತೆ ಗೊತ್ತಾ? ಅತ್ತು ನಿಂಗೇ ಫೋನ್ ಮಾಡಿದೆ. ನೀನು ಎತ್ತಲಿಲ್ಲ! ಕೈ ಮುರಿದದ್ದು ಆಟ ಅಂದ್ಕೊಳ್ತೀನಿ. ಓಡಿಹೋಗಿದ್ದು ಯಾವ ಆಟಾನೇ?"

ಒಂದೊಂದು ಮಾತೂ ಅವಳ ಮುಖಕ್ಕೆ ಬಡಿಯಿತು. ಆದರೂ ಒಂದು ವರ್ಷದಿಂದ ಕಟ್ಟಿಕೊಂಡಿದ್ದ ಉಸಿರು ಈಗಲೇ ಸಡಿಲವಾದಂತೆನಿಸಿತು.

"ಇನ್ನೂ ಬೈ," ಎಂದಳು ಬಿಕ್ಕುತ್ತಾ.

"ಇಷ್ಟೇ ಇದ್ದದ್ದು."

"ಕ್ಷಮಿಸು ಸರ್ಸೆನ್. ಬೆರಳಿಗೆ... ಕೆಲಸಕ್ಕೆ... ಆ ಫೋನ್‌ಗಳಿಗೆ... ನಿನ್ನನ್ನ ನೋಡಿದ್ರೆ ಎಲ್ಲ ಹೇಳಿಬಿಡ್ತೀನಿ ಅಂತ ಓಡಿದೆ. ನೀನು ಅಂದ್ರೆ ಇಷ್ಟ ಅನ್ನೋದನ್ನೂ..."

ಅವಳು ಅವನ ಎಡಗೈ ಹಿಡಿದು, ಮಡಚದ ಆ ಬೆರಳುಗಳನ್ನು ತನ್ನ ಒದ್ದೆ ಕೆನ್ನೆಗೆ ಒತ್ತಿಕೊಂಡಳು. ಅವು ತಣ್ಣಗಿದ್ದವು.

"ಇದಕ್ಕೆ ಏನೂ ತಿಳಿಯಲ್ಲ," ಅವನು ಮೆತ್ತಗೆ ಹೇಳಿದ. "ಉಳಿದದ್ದಕ್ಕೆಲ್ಲ ತಿಳೀತಿದೆ." ಬಲಗೈಯಿಂದ ಕೆಂಪು ದಾರದ ಕುಣಿಕೆಯನ್ನು ಅವಳ ಮಣಿಕಟ್ಟಿಗೆ ಹಾಕಿ, ಇನ್ನೊಂದು ತುದಿಯ ಕ್ಲಿಪ್ಪನ್ನು ತನ್ನ ಜಾಕೆಟ್ಟಿಗೆ ಸಿಕ್ಕಿಸಿಕೊಂಡ. "ಈಗ ಓಡು ನೋಡೋಣ."

ಅವಳು ಅಳುತ್ತಲೇ ನಕ್ಕಳು.

"ಅಪಾ ಕಳಿಸಿಬಿಟ್ರು ನನ್ನನ್ನ..."

"ಅದು ಅವಳ ಲೆಕ್ಕ. ನಾನು ಕ್ಷಮಿಸಿದ್ರೆ ಅವಳು ಕ್ಷಮಿಸಿದ ಹಾಗಲ್ಲ. ಬಾ, ಬೈಸಿಕೋ."

ಇಬ್ಬರೂ ಡೇರೆಗೆ ಬಂದರು. ಶೋಲ್ಪಾನ್ ಅಪಾ ತಲೆ ಎತ್ತಲಿಲ್ಲ. ಕಣ್ಣು ಕೆಂಪಾಗಿತ್ತು. ನಡುವೆ ಜೋತಾಡುತ್ತಿದ್ದ ದಾರವನ್ನು ಮಾತ್ರ ಓರೆಗಣ್ಣಲ್ಲಿ ನೋಡಿದರು. ಅಕ್ಬೋತಾ ಕಂಬಳಿಯ ಅಂಚಿನಲ್ಲಿ ಮಂಡಿಯೂರಿ ಕೂತಳು.

"ನನ್ನ ಮಗನ ಬೆರಳು ವಾಪಸ್ ಬರಲ್ಲ," ಎಂದರು ಅಪಾ.

"ಬರಲ್ಲ ಅಪಾ."

"ನನ್ನ ಸಿಟ್ಟು ಇವತ್ತಿಗೆ ಇಳಿಯೋದಲ್ಲ."

"ಗೊತ್ತು ಅಪಾ."

ಅಪಾ ಬಟ್ಟಲು ತೊಳೆದರು. ಒರೆಸಿದರು. ಹಾಲು ಹಾಕಿದರು, ಚಹಾ ಬಗ್ಗಿಸಿದರು. ಅಕ್ಬೋತಾಳ ಕಣ್ಣು ಆ ಧಾರೆಯ ಮೇಲೇ ಇತ್ತು. *ಇನ್ನೆಷ್ಟು ಸುರೀತಾರೋ... ತುಂಬಿಬಿಟ್ರೆ...*

ಧಾರೆ ನಿಂತಿತು.

ತಳ ಮುಚ್ಚುವಷ್ಟೇ!

"ಸಿಟ್ಟು ಇಳಿಯೋವರೆಗೆ ಕೂತಿರು," ಎಂದರು ಅಪಾ, ಬಟ್ಟಲನ್ನು ಅವಳ ಮುಂದೆ ತಳ್ಳಿ.

ಅಕ್ಬೋತಾಳಿಗೆ ಬಟ್ಟಲು ಮಸುಕಾಗಿ ಕಂಡಿತು. ಅತ್ತ ತಿರುಗಿ ಕಣ್ಣೊರೆಸಿಕೊಂಡು ಬಂದು ಒಂದು ಗುಟುಕು ಕುಡಿದಳು. ಕುಡಿದವಳೇ ಮುಖ ಕಿವುಚಿದಳು.

ಉಪ್ಪು!

ಅವಳು ಪಕ್ಕಕ್ಕೆ ತಿರುಗಿದಳು. ಸರ್ಸೆನ್ ಆಕಾಶ ನೋಡುತ್ತಾ ಕೂತಿದ್ದ.

"ಆಣೆ ಮಾಡಿದ್ದೆಯಲ್ಲೋ!"

"ಅದು ಮೊದಲನೇ ಬಟ್ಟಲಿಗೆ."

"ನೀನು ಈಗ ನನ್ನ ಕುರ್ದಾಸ್ ಅಲ್ಲ. ನಾನು ಸಿಟ್ಟಾಗಬಹುದು, ಗೊತ್ತಾ?"

"ಆಗು," ಎಂದ ಅವನು, ದಾರವನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಳ್ಳುತ್ತಾ. "ಆದ್ರೆ ಇಲ್ಲೇ ಕೂತು ಆಗು."