ನುಡಿಯಂಗಿ

ಶಿಕ್ಷಣ ಇಲಾಖೆಯ ಜಂಟಿ ನಿರ್ದೇಶಕ ಜಯತೀರ್ಥ ಕೊಪ್ಪರ ಏಳನೇ ತರಗತಿಯ ಮಕ್ಕಳಿಗೆ ಬೆನ್ನು ಹಾಕಿ, ಗೋಡೆಯ ಕಡೆ ಮುಖ ಮಾಡಿ ನಿಂತು ಉಕ್ತಲೇಖನ ಕೊಡುತ್ತಿದ್ದರು. ತುಟಿ ನೋಡಿ ಊಹಿಸುವ ಅವಕಾಶ ಯಾರಿಗೂ ಸಿಗಬಾರದೆಂದು ಅವರೇ ಮಾಡಿಕೊಂಡ ಉಪಾಯ ಅದು. ಬಾಗಲಕೋಟೆಯ ಆ ಸರ್ಕಾರಿ ಶಾಲೆಯ ತರಗತಿಯಲ್ಲಿ ಮೂವತ್ತೆಂಟು ಮಕ್ಕಳು. ಅವರಲ್ಲಿ ಐವರಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ ಎಂದಷ್ಟೇ ಅವರಿಗೆ ತಿಳಿಸಿದ್ದರು. ಆ ಐವರು ಯಾರೆಂದು ಹೇಳಿರಲಿಲ್ಲ.

ಹತ್ತನೆಯ ಪದಕ್ಕೆ ಎರಡನೇ ಸಾಲಿನಿಂದ ಹುಡುಗಿಯೊಬ್ಬಳ ದನಿ ಬಂತು. "ಸರ್, ಹುಲಿ ಅಂದ್ರೋ, ಹುಳಿ ಅಂದ್ರೋ?"

"ಹುಳಿ," ಎಂದರು ಕೊಪ್ಪರ.

"ಹಂಗಾದ್ರ ಇನ್ನೊಮ್ಮೆ ಅನ್ರಿ ಸರ್. ನಿಮ್ಮ ನಾಲಿಗಿ ಮ್ಯಾಲ ಹೋಗಲಿಲ್ಲ."

ಮಕ್ಕಳು ನಕ್ಕರು. ಕೊಪ್ಪರರೂ ನಕ್ಕು, ನಾಲಿಗೆಯನ್ನು ಸರಿಯಾಗಿ ಮಡಚಿ ಇನ್ನೊಮ್ಮೆ ಹೇಳಿದರು. ಪಾಠ ಮುಗಿದ ಮೇಲೆ ಆ ಐವರನ್ನು ಗುರುತಿಸಿ ಎಂದಾಗ ಅವರು ತೋರಿಸಿದ್ದು ಕಿವಿ ಚೆನ್ನಾಗಿಯೇ ಇದ್ದ ನಾಲ್ವರು ಸಂಕೋಚದ ಮಕ್ಕಳನ್ನು. ಐದನೆಯವರು ಸಿಗಲೇ ಇಲ್ಲ. ತಮ್ಮ 'ಳ'ಕಾರ ತಿದ್ದಿದ ಅಫ್ರೀನಳ ಕಡೆ ಅವರ ಬೆರಳು ಹೋಗಲಿಲ್ಲ. ಅವಳಿಗೆ ತನ್ನ ಹೆಸರನ್ನು ಕೂಗಿದರೂ ಕಿವಿಯಿಂದ ಒಂದಿಷ್ಟೂ ಕೇಳುತ್ತಿರಲಿಲ್ಲ.

ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಡಾಕ್ಟರ್ ಶಿವಲೀಲಾ ಕಡಪಟ್ಟಿಗೆ ಆಗ ಹಿಗ್ಗಬೇಕಿತ್ತು. ಹದಿನೆಂಟು ವರ್ಷದ ದುಡಿಮೆ ಕಣ್ಣೆದುರೇ ಫಲ ಕೊಟ್ಟಿತ್ತು. ಆದರೆ ಗೆದ್ದ ಮೇಲೆ ಕೊಪ್ಪರ ಏನು ಕೇಳುತ್ತಾರೆಂಬ ಅಂದಾಜಿದ್ದ ಆಕೆಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋದಳು, ಮತ್ತೆ ಬಂದು ಕೂತಳು.

ಅಫ್ರೀನಳ ಸಮವಸ್ತ್ರದ ಒಳಗೆ ತೆಳ್ಳನೆಯ ಒಂದು ಅಂಗಿ ಇತ್ತು. ಅದನ್ನು ರೂಪಿಸಿದ ಶಿವಲೀಲಾ ಇಟ್ಟ ಹೆಸರು ನುಡಿಯಂಗಿ. ಅದರ ಕೊರಳಪಟ್ಟಿಯಲ್ಲಿ ಸದ್ದು ಹಿಡಿಯುವ ಎರಡು ಕಣ, ಬೆನ್ನಿಗೂ ಎದೆಗೂ ತಾಗುವಂತೆ ಸಾಸಿವೆ ಗಾತ್ರದ ಇನ್ನೂರು ಮಿಡಿತದ ಬಿಂದುಗಳು. ತಗ್ಗು ಸ್ವರ ಬಂದರೆ ಸೊಂಟದ ಹತ್ತಿರ ಮಿಡಿಯುತ್ತದೆ, ಏರು ಸ್ವರ ಬಂದರೆ ಹೆಗಲ ಹತ್ತಿರ. ಮಗು ತಾನೇ ಸದ್ದು ಮಾಡಿದರೂ ಹಾಗೆಯೇ ಮಿಡಿಯುವುದರಿಂದ, ಅವ್ವ ಅಂದದ್ದಕ್ಕೂ ತಾನು ಅಂದದ್ದಕ್ಕೂ ಎಷ್ಟು ವ್ಯತ್ಯಾಸವೆಂದು ಅದಕ್ಕೇ ಗೊತ್ತಾಗುತ್ತದೆ. ಎಳೆಗೂಸಿನ ಮೆದುಳಿಗೆ ಸುದ್ದಿ ಬಂದರೆ ಸಾಕು, ಅದು ಕಿವಿಯಿಂದ ಬಂತೋ ಚರ್ಮದಿಂದ ಬಂತೋ ಎಂಬ ಹಟವಿಲ್ಲ. ಆದರೆ ಅಂಗಿ ತೊಡಿಸಿ ಬಿಟ್ಟರೆ ಏನೂ ಆಗುವುದಿಲ್ಲ. ಹುಟ್ಟಿದ ಮೊದಲ ತಿಂಗಳುಗಳಿಂದಲೇ ದಿನಾ ಒಬ್ಬರು ಎದುರು ಕೂತು ಮಾತು ಕಲಿಸಬೇಕು. ಅಫ್ರೀನಳ ತಾಯಿ 'ಬಾ' ಎಂಬ ಒಂದೇ ಅಕ್ಷರಕ್ಕೆ ಹನ್ನೊಂದು ವಾರ ಕೂತಿದ್ದಳು.

ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಚಹಾ ಬಂತು.

"ನಾನು ಸೋತೆ, ಒಪ್ಪಿಕೊಂಡೆ," ಎಂದರು ಕೊಪ್ಪರ. "ಇನ್ನ ನನ್ನ ಕೆಲಸ ಹಗುರಾತು. ಊರಾಚೆ ಕಿವುಡ ಮಕ್ಕಳ ವಸತಿಶಾಲೆ ಒಂದ ಐತಲ್ಲ, ಅಲ್ಲಿ ನಲವತ್ತೊಂದು ಮಕ್ಕಳದಾವು. ಮುಂದಿನ ಜೂನಿಗೆ ಅದನ್ನ ಮುಚ್ಚಿ, ಎಲ್ಲಾರಿಗೂ ಅಂಗಿ ಹಾಕಿಸಿ ಸಾದಾ ಸಾಲಿಗೆ ಸೇರಿಸಿಬಿಡೂಣು. ಕಿವುಡುತನ ಇನ್ನು ಕಲಿಕೆಗೆ ಅಡ್ಡಿ ಅಲ್ಲ ಅಂತ ನೀವೊಂದು ಪ್ರಮಾಣಪತ್ರ ಬರದು ಕೊಡ್ರಿ. ಹದಿನೈದು ದಿನ ಸಾಕಲ್ಲ?"

"ಆ ಮಕ್ಕಳೆಲ್ಲ ಐದು ವರ್ಷ ದಾಟಿದವರು, ಸರ್."

"ಅಂಗಿ ಅಂಗೀನ ಅಲ್ಲೇನ್ರಿ? ಇವರಿಗೆ ಬಂದದ್ದು ಅವರಿಗೂ ಬರ್ತೈತಿ. ಸ್ವಲ್ಪ ತಡಾ ಆಗಬಹುದು."

ಶಿವಲೀಲಾ ಚಹಾದ ಲೋಟ ಕೆಳಗಿಟ್ಟಳು. ಐದು ವರ್ಷ ದಾಟಿದ ಮಕ್ಕಳ ಮೇಲೆ ಆಕೆ ಪ್ರಯೋಗವನ್ನೇ ಮಾಡಿರಲಿಲ್ಲ. ಮಾಡಿದರೆ ಏನು ಕಾಣಬಹುದೆಂಬ ಅಂಜಿಕೆ ಇತ್ತು. ಆದರೆ ಪತ್ರ ಕೊಟ್ಟರೆ ನುಡಿಯಂಗಿ ಇನ್ನೆರಡು ಜಿಲ್ಲೆಗೆ ಹೋಗುತ್ತದೆಂದು ಕೊಪ್ಪರ ಎದ್ದು ಹೋಗುವಾಗ ಹೇಳಿದರು. ಆ ಮಾತು ಆಕೆಯ ಹಿಂದೆಯೇ ಪ್ರಯೋಗಾಲಯದ ತನಕ ಬಂತು.

ಮಾಳವ್ವ ಬಂದದ್ದು ಅದರ ಮರುದಿನವೇ. ಸಂಚಾರಿ ಕುರಿಗಾರರ ಹೆಣ್ಣುಮಗಳು. ಆಕೆಯ ಹಟ್ಟಿ, ಅಂದರೆ ಕುರಿ, ಕುದುರೆ, ಗುಡಾರ, ಸಂಸಾರ ಎಲ್ಲ, ಕಟಾವಾದ ಹೊಲದಿಂದ ಹೊಲಕ್ಕೆ ವರ್ಷವಿಡೀ ನಡೆಯುತ್ತಲೇ ಇರುತ್ತದೆ. ಕುರಿ ನಿಲ್ಲಿಸಿದ ಹೊಲಕ್ಕೆ ಗೊಬ್ಬರ, ಕುರಿಗಾರರಿಗೆ ಕಾಳು. ಮಾಳವ್ವ ಆರು ತಿಂಗಳ ಬಸುರಿ. ಜೊತೆಗೆ ಆರೂವರೆ ವರ್ಷದ ಮಗಳು ಬೀರವ್ವ.

"ಮೂಕ ಮಕ್ಕಳನ್ನ ಮಾತಾಡಿಸೋ ಅಂಗಿ ಕೊಡ್ತೀರಂತ," ಎಂದಳು ಮಾಳವ್ವ. "ಇಕಿಗೊಂದು ಹಾಕ್ರಿ. ಹನ್ನೆರಡು ದಿನ ನಮ್ಮ ಹಟ್ಟಿ ಇಲ್ಲೇ ಗದ್ದನಕೇರಿ ಹತ್ರ ಇರ್ತೈತಿ. ಆಮ್ಯಾಲ ಮುಂದ ಹೊಕ್ಕೀವಿ."

"ಹುಟ್ಟಿದಾಗ ಯಾರೂ ಪರೀಕ್ಷಾ ಮಾಡಲಿಲ್ಲೇನು?"

"ಹಾದ್ಯಾಗ ಹುಟ್ಟ್ಯಾಳ್ರಿ. ಯಾರ ಮಾಡ್ಬೇಕು?"

ದಿನವೂ ಶಿವಲೀಲಾ ತಾನೇ ಕಲಿಸಿದಳು. ಬೀರವ್ವ ಚುರುಕು ಹುಡುಗಿ. ನೂರಾ ಅರವತ್ತು ಕುರಿಗಳಲ್ಲಿ ಒಂದೊಂದಕ್ಕೂ ಕೈಯಲ್ಲಿ ಒಂದೊಂದು ಹೆಸರಿಟ್ಟಿದ್ದಳು: ಕಿವಿ ಹರಿದದ್ದು, ಕುಂಟುವುದು, ಮರಿ ಸತ್ತದ್ದು. ಐದನೇ ದಿನಕ್ಕೆ ಹಲಗೆ ಬಡಿದ ಸದ್ದಿಗೂ ನಾಯಿ ಬೊಗಳಿದ್ದಕ್ಕೂ ಮಿಡಿತ ಬೇರೆ ಎಂದು ತೋರಿಸಿದಳು. ಅಲ್ಲಿಗೆ ನಿಂತುಹೋಯಿತು. 'ಅವ್ವ' ಎಂದರೂ 'ಅಪ್ಪ' ಎಂದರೂ 'ಎಮ್ಮಿ' ಎಂದರೂ ಬೆನ್ನ ಮೇಲೆ ಏನೋ ಹರಿದಾಡಿದ ಹಾಗೆ ಹೆಗಲು ಕೊಡವುತ್ತಿದ್ದಳು. ಮೆದುಳಿನಲ್ಲಿ ಸದ್ದಿನ ಮಾತಿಗೆಂದು ಇರುವ ಜಾಗ ಖಾಲಿ ಕಾಯುತ್ತ ಕೂರುವುದಿಲ್ಲ. ಮೊದಲ ಎರಡು ಮೂರು ವರ್ಷ ಏನೂ ಬರದಿದ್ದರೆ ಕಣ್ಣು ಅಲ್ಲಿ ಬಂದು ನೆಲೆಸಿಬಿಡುತ್ತದೆ. ಪುಸ್ತಕದಲ್ಲಿ ಓದಿದ್ದ ಆ ವಾಕ್ಯವನ್ನು ಶಿವಲೀಲಾ ಈಗ ಒಂದು ಮಗುವಿನ ಮುಖದಲ್ಲಿ ನೋಡುತ್ತಿದ್ದಳು.

ಹನ್ನೊಂದನೇ ದಿನ ಬೀರವ್ವ ಅಂಗಿ ಬಿಚ್ಚಿ, ಅಚ್ಚುಕಟ್ಟಾಗಿ ಮಡಚಿ, ಶಿವಲೀಲಳ ತೊಡೆಯ ಮೇಲಿಟ್ಟಳು. ಅವ್ವನ ಕಡೆ ತಿರುಗಿ ಕೈಯಾಡಿಸಿದಳು.

"ಏನಂತಾಳ?" ಶಿವಲೀಲಾ ಕೇಳಿದಳು.

ಮಾಳವ್ವ ಸ್ವಲ್ಪ ಹಿಂಜರಿದಳು. "ಯಾರೋ ಹಿಂದಿಂದ ತಿವಿತಾರ, ಕರಿಯೋದಿದ್ರ ಮುಂದ ಬಂದು ಕರೀಲಿ ಅಂತಾಳ್ರಿ."

ಮರುದಿನ ಬೆಳಿಗ್ಗೆ ಶಿವಲೀಲಾ ತಾಯಿ ಮಗಳಿಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ಊರಾಚೆಯ ವಸತಿಶಾಲೆಗೆ ಹೋದಳು. ಹದಿನೆಂಟು ವರ್ಷದಲ್ಲಿ ಆಕೆ ಅಲ್ಲಿಗೆ ಕಾಲಿಟ್ಟಿರಲಿಲ್ಲ. ಕೈಸನ್ನೆಯ ಭಾಷೆ ಊರುಗೋಲಿದ್ದ ಹಾಗೆ, ಅದನ್ನು ಕೊಟ್ಟರೆ ಮಗು ನಡೆಯುವುದನ್ನೇ ಕಲಿಯದು ಎಂದು ಎಷ್ಟೋ ಸಭೆಗಳಲ್ಲಿ ಹೇಳಿದ್ದಳು. ಅಲ್ಲಿನ ಮುಖ್ಯಶಿಕ್ಷಕ ಯಮನೂರಪ್ಪ ಸ್ವತಃ ಕಿವುಡ. ಆತ ಬೀರವ್ವನ ಎದುರು ಮೊಣಕಾಲೂರಿ ಕೂತು, ಎರಡು ಬೆರಳು ಹಣೆಗಿಟ್ಟು ಕುರಿಯ ಕೊಂಬು ತೋರಿಸಿದ. ಬೀರವ್ವ ಅವನ ಬೆರಳುಗಳನ್ನು ಹಿಡಿದು ಇನ್ನಷ್ಟು ಬಗ್ಗಿಸಿದಳು. ತಮ್ಮ ಕುರಿಯ ಕೊಂಬು ಹಾಗಿರುವುದಿಲ್ಲ, ಹೀಗಿರುತ್ತದೆ.

ಅರ್ಧ ಗಂಟೆಯಲ್ಲಿ ಅವಳ ಸುತ್ತ ಹತ್ತು ಹನ್ನೆರಡು ಮಕ್ಕಳು ನೆರೆದರು. ತೋಳ ಬಂದ ಕತೆಯನ್ನು ಅವಳು ಹೇಳುತ್ತಿದ್ದಳೆಂದು ಮಾಳವ್ವ ತಿಳಿಸಿದಳು. ಮಕ್ಕಳಿಗೆ ಗೊತ್ತಾಗದ ಕಡೆ ಅವರು ತಮ್ಮ ಸನ್ನೆ ಮಾಡಿ ಕೇಳುತ್ತಿದ್ದರು, ಬೀರವ್ವ ಆ ಸನ್ನೆಯನ್ನು ಆ ಕ್ಷಣಕ್ಕೇ ಕಲಿತು ಮುಂದಿನ ಮಾತಿಗೆ ಬಳಸುತ್ತಿದ್ದಳು. ಅಂಗಳದಲ್ಲಿ ಎಲ್ಲರಿಗೂ ಅರ್ಥವಾಗುತ್ತಿದ್ದ ಆ ಕತೆ ಅರ್ಥವಾಗದೆ ನಿಂತವಳು ಶಿವಲೀಲಾ ಒಬ್ಬಳೇ. ಕೈ ಎಲ್ಲಿಡಬೇಕೆಂದು ತಿಳಿಯದೆ ಸೆರಗಿನ ತುದಿ ಹಿಡಿದುಕೊಂಡಳು.

ಬೀರವ್ವ ಅಲ್ಲೇ ಉಳಿದಳು. ಹಟ್ಟಿ ಮುಂದೆ ಹೋಯಿತು.

ಪ್ರಮಾಣಪತ್ರವನ್ನು ಶಿವಲೀಲಾ ಮೂರು ಸಲ ಬರೆದು ಅಳಿಸಿದಳು. ಕೊನೆಗೆ ಕಳಿಸಿದ್ದು ಅರ್ಧ ಪುಟ. ಒಂದು ವರ್ಷ ತುಂಬುವ ಮೊದಲೇ ಅಂಗಿ ತೊಟ್ಟು, ದಿನಾ ತರಬೇತಿ ಪಡೆದ ಇನ್ನೂರ ಹನ್ನೆರಡು ಮಕ್ಕಳಲ್ಲಿ ನೂರಾ ತೊಂಬತ್ತೆಂಟು ಮಕ್ಕಳು ಸಾಮಾನ್ಯ ಶಾಲೆಯಲ್ಲಿ ಓರಗೆಯವರ ಸಮಕ್ಕೆ ಓದುತ್ತಿದ್ದಾರೆ. ಆ ಅವಧಿ ಕಳೆದುಕೊಂಡ ಮಕ್ಕಳ ಮಾತಿಗೆ ಅಂಗಿಯನ್ನು ನೆಚ್ಚಿಕೊಳ್ಳುವಂತಿಲ್ಲ. ಅವರಿಗೆ ಕೈಭಾಷೆಯ ಶಾಲೆ ಬೇಕೇ ಬೇಕು, ಮತ್ತು ಅಂಗಿ ತೊಟ್ಟ ಮಕ್ಕಳಿಗೂ ಅದನ್ನು ಬೇಡವೆನ್ನಲು ತನ್ನ ಬಳಿ ಯಾವ ಆಧಾರವೂ ಇಲ್ಲ.

ಕೊಪ್ಪರ ಫೋನು ಮಾಡಿದರು. ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು. "ನಿಮ್ಮ ಕೆಲಸಕ್ಕ ನೀವೇ ಮಣ್ಣ ಹಾಕ್ಕೊಂಡ್ರಲ್ಲ ಮೇಡಂ. ಎಲ್ಲಾ ಮಕ್ಕಳಿಗೂ ಆಗ್ತೈತಿ ಅಂತಿದ್ರ ಮ್ಯಾಲಿನವರು ಕಣ್ಣ ಮುಚ್ಚಿ ಸಹಿ ಹಾಕ್ತಿದ್ರು. ಕೆಲವರಿಗೆ ಆಗ್ತೈತಿ, ಕೆಲವರಿಗೆ ಆಗೂದಿಲ್ಲ ಅಂದ್ರ ಕಡತ ಮುಂದ ಹೋಗೂದಿಲ್ಲ."

"ಇದ್ದದ್ದನ್ನ ಬರದೀನಿ, ಸರ್."

"ಬರದೀರಿ. ಆ ಎರಡು ಜಿಲ್ಲಾದಾಗ ಈ ವರ್ಷ ಹುಟ್ಟೋ ಕೂಸುಗಳ ಗತಿ ಏನು?"

ವಸತಿಶಾಲೆ ಉಳಿಯಿತು, ಸದ್ಯಕ್ಕೆ. ಎರಡು ಜಿಲ್ಲೆಗಳ ಕಡತ ಹಿಂದೆ ಬಿತ್ತು. ಸರಿ ಮಾಡಿದೆನೆಂದು ಶಿವಲೀಲಳಿಗೆ ಒಂದು ದಿನ ಅನ್ನಿಸಿದರೆ ಮರುದಿನ ಯಾವುದೋ ಊರಿನ ಯಾವುದೋ ತೊಟ್ಟಿಲು ನೆನಪಾಗುತ್ತಿತ್ತು. ವಾರಕ್ಕೆ ಎರಡು ದಿನ ವಸತಿಶಾಲೆಗೆ ಹೋಗಿ, ಯಮನೂರಪ್ಪನ ಎದುರು ಸಣ್ಣ ಮಕ್ಕಳ ಸಾಲಿನಲ್ಲಿ ಕೂತು ಕೈಭಾಷೆ ಕಲಿಯತೊಡಗಿದಳು. ಐವತ್ತೆರಡರ ಬೆರಳುಗಳು ಬಗ್ಗುತ್ತಿರಲಿಲ್ಲ. ಬೀರವ್ವ ಬಂದು ತಿದ್ದುತ್ತಿದ್ದಳು.

ಮಾರ್ಚಿನಲ್ಲಿ, ಬಿಳಿಜೋಳದ ರಾಶಿ ಮುಗಿದ ಹೊತ್ತಿಗೆ, ಮಾಳವ್ವ ಹೆತ್ತ ಸುದ್ದಿ ಬಂತು. ಹಟ್ಟಿ ಆಗ ಬೀಳಗಿಯ ಆಚೆ, ಹಿನ್ನೀರಿನ ದಂಡೆಯ ಎರೆಹೊಲದಲ್ಲಿತ್ತು. ಶಿವಲೀಲಾ ಬೀರವ್ವನನ್ನು ಕರೆದುಕೊಂಡು ಹೊರಟಳು. ಹೆಗಲ ಚೀಲದಲ್ಲಿ ಹಿಡಿಯಷ್ಟು ದೊಡ್ಡ ಒಂದು ಪರೀಕ್ಷಾ ಯಂತ್ರ, ಅಂಗೈಯಗಲದ ಒಂದು ನುಡಿಯಂಗಿ. ರಸ್ತೆ ಮುಗಿದ ಮೇಲೆ ಎರಡು ಮೈಲಿ ಕೂಳೆ ತುಳಿದು ನಡೆಯಬೇಕಾಯಿತು.

ಗಂಡುಕೂಸು. ಹತ್ತೊಂಬತ್ತು ದಿನದ್ದು. ಅದು ನಿದ್ದೆಯಲ್ಲಿದ್ದಾಗಲೇ ಶಿವಲೀಲಾ ಅದರ ಕಿವಿಯೊಳಗೆ ರಬ್ಬರಿನ ಸಣ್ಣ ಮೊಗ್ಗು ಇಟ್ಟಳು.

"ಒಳಗ ಸಣ್ಣ ಸದ್ದು ಬಿಡ್ತೈತಿ," ಎಂದು ಮಾಳವ್ವನಿಗೆ ವಿವರಿಸಿದಳು. "ಒಳಗಿವಿ ಚಲೋ ಇದ್ರ ಅದು ತಿರುಗಿ ದನಿ ಕೊಡ್ತೈತಿ, ಬಾವ್ಯಾಗ ಕೂಗಿದ್ಹಂಗ. ಆ ದನಿ ಈ ಯಂತ್ರಕ್ಕ ಕೇಳಸ್ತೈತಿ."

ಬಲಗಿವಿ ದನಿ ಕೊಡಲಿಲ್ಲ. ಎಡಗಿವಿಯೂ ಕೊಡಲಿಲ್ಲ. ಎರಡೂ ಸೇರಿ ಐದು ನಿಮಿಷ ಹಿಡಿಯಿತು. ತಾನೇ ತಪ್ಪಿರಬಹುದೆಂದು ಶಿವಲೀಲಾ ಇನ್ನೊಮ್ಮೆ ಇಟ್ಟು ನೋಡಿದಳು. ಮಾಳವ್ವ ಅಳಲಿಲ್ಲ, ಸೆರಗಿನಿಂದ ಕೂಸಿನ ಬಾಯಿ ಒರೆಸಿದಳು. ಬೀರವ್ವ ತಮ್ಮನ ಮುಖ ನೋಡಿ, ಆಮೇಲೆ ತನ್ನ ಕಿವಿ ಮುಟ್ಟಿ, ಬೆರಳೆತ್ತಿ ಅವನನ್ನೂ ತನ್ನನ್ನೂ ಒಂದೇ ಗೆರೆಯಲ್ಲಿ ತೋರಿಸಿದಳು. ಆ ಸನ್ನೆ ಶಿವಲೀಲಳಿಗೆ ಅರ್ಥವಾಯಿತು. ತಲೆಯಾಡಿಸಿದಳು.

"ದೊಡ್ಡಾಸ್ಪತ್ರ್ಯಾಗ ಇನ್ನೊಂದು ಪರೀಕ್ಷಾ ಮಾಡಿಸಬೇಕು, ನಾನ ಕರಕೊಂಡು ಹೋಗ್ತೀನಿ. ಅಲ್ಲೀತನಕ ಸುಮ್ಮನ ಕೂಡೂದು ಬ್ಯಾಡ." ಅಂಗಿ ತೊಡಿಸಿದರು. ಇನ್ನು ಮಾತಾಡಿಸು ಎಂದಳು ಶಿವಲೀಲಾ.

"ಏನಂತ ಮಾತಾಡ್ಲಿ?"

"ಏನಾದ್ರೂ. ಉಂಡದ್ದು, ಬಿಟ್ಟದ್ದು. ದಿನಾ ಆಡಬೇಕು. ಎರಡು ದಿನಕ್ಕೊಮ್ಮೆ ಹಟ್ಟಿ ಎಲ್ಲಿರ್ತೈತೋ ಅಲ್ಲಿಗೆ ನಮ್ಮವರು ಒಬ್ಬರು ಬರ್ತಾರ."

ಮಾಳವ್ವ ಕೂಸಿನ ಮೇಲೆ ಬಗ್ಗಿ ಏನೋ ಅಂದಳು. ಕೂಸು ನಿದ್ದೆಯಲ್ಲೇ ಬೆರಳು ಬಿಚ್ಚಿತು. ಆಕೆ ತಲೆಯೆತ್ತಿ, ಚೀಲದ ಮೇಲಿದ್ದ ಯಂತ್ರವನ್ನು ನೋಡಿದಳು.

"ಈ ಕಿವ್ಯಾಗ ಇಡೂದು, ಇದನ್ನೂ ನೀವ ಮಾಡಿದ್ರೇನ್ರಿ?"

"ಇಲ್ಲ. ಇದು ಬಾಳ ಹಳೇದು. ನೀ ಹುಟ್ಟಿದಾಗಲೂ ಇತ್ತು."

"ಇದೇ ಐದು ನಿಮಿಷದ್ದ?"

"ಇದೇ."

"ಹಂಗಾದ್ರ ಬೀರವ್ವ ಹುಟ್ಟಿದಾಗ ಯಾಕ ತರಲಿಲ್ಲ?"

ಮಾಳವ್ವನ ದನಿಯಲ್ಲಿ ಜಗಳವಿರಲಿಲ್ಲ, ತಿಳಿಯದ್ದನ್ನು ತಿಳಿದವರಲ್ಲಿ ಕೇಳುವ ರೀತಿಯಷ್ಟೇ ಇತ್ತು. ಶಿವಲೀಲಾ ಯಂತ್ರವನ್ನು ಕೈಗೆತ್ತಿಕೊಂಡಳು. ಇನ್ನೂರು ಬಿಂದುಗಳನ್ನು ಒಂದು ಎಳೆಬೆನ್ನಿನ ಮೇಲೆ ಹೊಂದಿಸುವುದೇ ಕಷ್ಟದ ಕೆಲಸ ಎಂದು ಹದಿನೆಂಟು ವರ್ಷ ನಂಬಿದ್ದಳು. ಹಿಡಿಯಷ್ಟು ಯಂತ್ರವನ್ನು ಹೆಗಲಿಗೇರಿಸಿ ಎರಡು ಮೈಲಿ ನಡೆಯುವುದು ಯಾರ ಸಂಶೋಧನೆಯ ಪಟ್ಟಿಯಲ್ಲೂ ಇರಲಿಲ್ಲ.

"ತರಬೇಕಾಗಿತ್ತು," ಎಂದಳು.

ಮಾಳವ್ವ ಹೊಲದ ಆಚೆ ಕೈ ಚಾಚಿದಳು. ಹಳ್ಳದ ಮಗ್ಗುಲಿಗೆ ಇನ್ನೊಂದು ಹಟ್ಟಿಯ ಹೊಗೆ ಏಳುತ್ತಿತ್ತು. "ಅಲ್ಲಿ ಇಬ್ಬರು ಬಾಣಂತ್ಯಾರ ಅದಾರ. ನಾಳೆ ನಸಿಕಿನ್ಯಾಗ ಗುಡಾರ ಕಿತ್ತು ಹೊಂಟಬಿಡ್ತಾರ."

ಶಿವಲೀಲಾ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು. ಹೊತ್ತು ಮುಳುಗಲು ಇನ್ನೂ ಮಾರುದ್ದವಿತ್ತು. ಚಹಾ ಕುಡಿದು ಹೋಗ್ರಿ ಎಂದು ಮಾಳವ್ವ ಕರೆಯುವಷ್ಟರಲ್ಲಿ ಆಕೆ ಕೂಳೆಯ ನಡುವೆ ಇಳಿದು ಹೊಗೆ ಏಳುತ್ತಿದ್ದ ಕಡೆಗೆ ಬಿರಬಿರನೆ ನಡೆಯತೊಡಗಿದ್ದಳು.